ಚಟ್ಟಿ ತೋಟದ ಪ್ರಶ್ನೋತ್ತರ: ಬಿಸು ಕಳೆದ ಮೇಲೆ, ಪತ್ತನಾಜೆಯ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಸಂಕಟದವು. ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆಯಿತು, ಬಾವಿಯ ತಳ ಕಾಣುತ್ತಿದೆ, ತಾರಸಿಯ ಮೇಲಿನ ಗಿಡದ ಚಟ್ಟಿಗಳು ಕಾದು ಕೂತಿವೆ, ಮಳೆಯ ಸುದ್ದಿ ಇಲ್ಲ. ಪತ್ತನಾಜೆ ಎಂದರೆ ವೃಷಭ ಮಾಸದ ಹತ್ತನೇ ದಿನ, ಮೇ 24ರ ಆಸುಪಾಸು. ಭೂತಗಳ ಕೋಲ ನೇಮಗಳು, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ಅಂದಿಗೆ ನಿಲ್ಲುತ್ತವೆ. ಸೊಲ್ಲಾಪುರ, ಹೊಸೂರು ಕಡೆಯ ಓದುಗರಿಗಾಗಿ ಇಷ್ಟು ಹೇಳಿದೆ. ನಮಗೆ ಅದು ಮಳೆಗಾಲದ ಹೊಸ್ತಿಲು. ಹೆಸರು ಹಾಕಬೇಡಿ ಎಂದವರೇ ಹೆಚ್ಚಾದ ಕಾರಣ ಊರಿನ ಹೆಸರು ಮಾತ್ರ ಉಳಿಸಿಕೊಂಡಿದ್ದೇನೆ. ಉತ್ತರ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನನ್ನ ಅಂಗಳದಿಂದ.

ಪೆರ್ಲದಿಂದ ಒಬ್ಬರು: ಅಕ್ಕಾ, ತಾರಸಿಯ ಗ್ರೋಬ್ಯಾಗ್‌ಗಳಲ್ಲಿ ಬೆಂಡೆ, ಅಲಸಂಡೆ, ಬದನೆ, ಹರಿವೆ ಇವೆ. ದಿನಕ್ಕೆ ಮೂರು ಹೊತ್ತು ನೀರು ಹಾಕಿದರೂ ಮಧ್ಯಾಹ್ನ ಎಲೆಗಳು ಜೋತು ಬೀಳುತ್ತವೆ. ಶಕ್ತಿ ಬರಲಿ ಎಂದು ನೆಲಗಡಲೆ ಹಿಂಡಿ ಮತ್ತು ಸೆಗಣಿ ಕೊಳೆಸಿದ ನೀರನ್ನು ವಾರಕ್ಕೆರಡು ಸಲ ಕೊಡುತ್ತಾ ಇದ್ದೇನೆ. ಈಗ ಎಲೆಯ ಅಂಚು ಕರಟುತ್ತಿದೆ. ನಮ್ಮದು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು, ನೂಲಿನಷ್ಟು ಬರುತ್ತಿದೆ. ಕುಡಿಯಲಿಕ್ಕೆ ಇಲ್ಲದಾಗ ಗಿಡಕ್ಕೆ ಯಾಕೆ ಎಂದು ಮನೆಯವರ ಸಿಟ್ಟು.

ತಂಗೀ, ಮನೆಯವರ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ನೀರು ಬೇಕು, ಆದರೆ ನೀವು ಹಾಕುವಷ್ಟು ಬೇಡ.

ಮೊದಲು ಮಧ್ಯಾಹ್ನದ ಬಾಡುವಿಕೆಯನ್ನು ನೋಡೋಣ. ಎರಡು ಗಂಟೆಯ ಬಿಸಿಲಿಗೆ ಎಲೆಯಿಂದ ಹೋಗುವ ನೀರಿನ ವೇಗಕ್ಕೆ ಬೇರು ಎಳೆದುಕೊಡುವ ವೇಗ ಸಾಲದು. ಮಣ್ಣು ಒದ್ದೆ ಇದ್ದರೂ ಎಲೆ ಇಳಿಬೀಳುತ್ತದೆ. ಬದನೆಗೂ ಅಲಸಂಡೆಗೂ ಇದು ಮಾಮೂಲು. ನೋಡಬೇಕಾದ್ದು ಸಂಜೆ ಆರೂವರೆಗೆ. ಆಗ ಎಲೆ ತಾನಾಗಿ ಎದ್ದು ನಿಂತಿದ್ದರೆ ಗಿಡ ಕ್ಷೇಮ. ಬೆಳಗ್ಗೆ ಏಳಕ್ಕೂ ಜೋತೇ ಇದ್ದರೆ ಮಾತ್ರ ಅದಕ್ಕೆ ಬಾಯಾರಿದೆ, ಇಲ್ಲವೇ ಬೇರು ಕೊಳೆತಿದೆ. ಎರಡರಲ್ಲಿ ಯಾವುದೆಂದು ತಿಳಿಯಲು ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ಒಳಗೆ ತೇವ ಇದ್ದೂ ಗಿಡ ಬಾಡಿದೆ ಎಂದಾದರೆ ಇನ್ನೊಂದು ಚೊಂಬು ಹೊಯ್ದು ಅದನ್ನು ಮುಳುಗಿಸಬೇಡಿ.

ನಿಮ್ಮ ನಿಜವಾದ ತೊಂದರೆ ಚೀಲದ ಅಡಿಯಲ್ಲಿದೆ. ಏಪ್ರಿಲ್–ಮೇ ತಿಂಗಳಲ್ಲಿ ಕಾಂಕ್ರೀಟ್ ತಾರಸಿಯ ಮೈ 50 ಡಿಗ್ರಿ ದಾಟುತ್ತದೆ. ಬರಿಗಾಲಿನಲ್ಲಿ ಬಟ್ಟೆ ಒಣಗಿಸಲು ಹೋದವರಿಗೆ ಥರ್ಮಾಮೀಟರ್ ಬೇಡ. ಕರಿಯ ಚೀಲ ಅದರ ಮೇಲೆ ನೇರ ಕೂತರೆ ಕೆಳಗಿನಿಂದಲೂ ಪಕ್ಕದಿಂದಲೂ ಬೇರು ಬೇಯುತ್ತದೆ. ಬೇರು ಬೆಂದ ಮೇಲೆ ನೀರು ಎಷ್ಟಿದ್ದರೇನು, ಕುಡಿಯುವ ಬಾಯಿಯೇ ಇಲ್ಲ. ಹಾಗಾಗಿ ಈ ವಾರದ ಮೊದಲ ಕೆಲಸ ಚೀಲಗಳನ್ನು ನೆಲದಿಂದ ಎತ್ತುವುದು. ಎರಡೆರಡು ಇಟ್ಟಿಗೆ ಸಾಕು. ಮುರಕಲ್ಲಿನ ತುಂಡುಗಳೂ ಆಗುತ್ತವೆ, ಪೆರ್ಲದಲ್ಲಿ ಅದಕ್ಕೇನು ಬರ. ಅಡಿಯಲ್ಲಿ ಗಾಳಿ ಆಡಬೇಕು, ಅಷ್ಟೇ.

ಎರಡನೆಯದು ನೆರಳು. ಪೇಟೆಯಲ್ಲಿ ಬಿಸಿಲನ್ನು 50 ಶೇಕಡಾ ತಡೆಯುವ ಶೇಡ್‌ನೆಟ್ ಸಿಗುತ್ತದೆ, ಹಾಕಿದರೆ ಒಳ್ಳೆಯದು. ಹಣ ಖರ್ಚು ಮಾಡುವ ಮೊದಲು ತೋಟದಲ್ಲಿ ಬಿದ್ದ ತೆಂಗಿನ ಮಡಲು, ಅಡಕೆ ಸೋಗೆಗಳನ್ನು ನೋಡಿ. ಪಶ್ಚಿಮದ ಬದಿಗೆ ಮಡಲಿನ ತಟ್ಟಿ ನಿಲ್ಲಿಸಿದರೆ ಮಧ್ಯಾಹ್ನದ ನಂತರದ ಕೆಟ್ಟ ಬಿಸಿಲು ತಪ್ಪುತ್ತದೆ. ಬೆಳಗ್ಗಿನ ಬಿಸಿಲು ಬೀಳಲಿ, ಬೆಂಡೆಗೆ ಅದು ಬೇಕು. ದೂರ ದೂರ ಇಟ್ಟ ಚೀಲಗಳನ್ನು ಒತ್ತಾಗಿ ಗುಂಪು ಮಾಡಿ, ದೊಡ್ಡ ಗಿಡ ಪಶ್ಚಿಮಕ್ಕೆ, ಸಣ್ಣದು ಪೂರ್ವಕ್ಕೆ. ಒಂದರ ನೆರಳು ಇನ್ನೊಂದರ ಚೀಲದ ಮೈ ಮೇಲೆ ಬೀಳಬೇಕು.

ಇನ್ನು ನೀರಿನ ಲೆಕ್ಕ. ಪೇಟೆಯ ಸಾಮಾನ್ಯ ಅಳತೆಯ ಗ್ರೋಬ್ಯಾಗಿನಲ್ಲಿರುವ ಒಂದು ಬೆಂಡೆ ಗಿಡಕ್ಕೆ ಈ ಬಿಸಿಲಲ್ಲಿ ದಿನಕ್ಕೆ ಒಂದೂವರೆ–ಎರಡು ಲೀಟರ್ ಧಾರಾಳ. ಬೆಳಗ್ಗೆ ಎಂಟರ ಒಳಗೆ ಮುಕ್ಕಾಲು ಪಾಲು, ಸೂರ್ಯ ಇಳಿದ ಮೇಲೆ ಉಳಿದದ್ದು. ಮಧ್ಯಾಹ್ನದ ಮೂರನೇ ಹೊತ್ತನ್ನು ಬಿಟ್ಟುಬಿಡಿ. ಪೈಪಿನಲ್ಲಿ ಹಾಕುವುದಾದರೆ ಬಿಸಿಲಲ್ಲಿ ಮಲಗಿದ ಪೈಪಿನೊಳಗಿನ ಮೊದಲ ನೀರನ್ನು ಬಕೆಟಿಗೆ ಬಿಡಿ. ಅದು ಕೈ ಸುಡುವಷ್ಟು ಕಾದಿರುತ್ತದೆ, ಹರಿವೆಯ ಬುಡಕ್ಕೆ ಬಿದ್ದರೆ ಮುಗಿಯಿತು.

ಚೀಲದ ಬಾಯಿ ಬರಿದೇ ಇರಬಾರದು. ತರಗೆಲೆ ನಾಲ್ಕು ಬೆರಳು ದಪ್ಪ ಮುಚ್ಚಿ. ಹೊಸ ಚೀಲ ತುಂಬುವಾಗ ತಳಕ್ಕೆ ನೆನೆಸಿದ ತೆಂಗಿನ ಸಿಪ್ಪೆ, ಗುಳಿ ಮೇಲೆ ಬರುವ ಹಾಗೆ. ಹಿಂದಿನವರು ತೆಂಗಿನ ಸಸಿಯ ಹೊಂಡದಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ತೆಂಗಿನ ನಾರಿನ ಹುಡಿಯನ್ನು ಮಣ್ಣಿಗೆ ಸೇರಿಸಿದರೆ ಇನ್ನೂ ಒಳ್ಳೆಯದು, ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿಯುತ್ತದೆ. ಹುಡಿಯನ್ನು ಒತ್ತಿ ಮಾಡಿದ 5 ಕಿಲೋದ ಒಂದು ಇಟ್ಟಿಗೆ ನೆನೆದು ಬಿರಿದರೆ 60 ಲೀಟರಿಗೂ ಮಿಕ್ಕಿ ಆಗುತ್ತದೆ. ಆದರೆ ಹಸಿ ಹುಡಿಯಲ್ಲಿ ಉಪ್ಪು ಮತ್ತು ಕಂದು ಚೊಗರು ಇರುತ್ತದೆ. ನೆನೆಸಿದ ನೀರಿನ ಬಣ್ಣ ತಿಳಿಯಾಗುವ ತನಕ ಎರಡು ಮೂರು ಸಲ ತೊಳೆದು ಹಿಂಡಿ ಬಳಸಿ. ಆ ತೊಳೆದ ನೀರು ಅಂಗಳಕ್ಕೆ ಸಾಕು, ಗಿಡಕ್ಕೆ ಬೇಡ. ಹುಡಿಯನ್ನು ಅಣಬೆಯ ಬೀಜದಿಂದ ಕೊಳೆಸಿ ಗೊಬ್ಬರ ಮಾಡುವ ಕ್ರಮವೂ ಇದೆ. ಕೂಡ್ಲಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾಗಿ 1970ರಲ್ಲಿ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದದ್ದು ನಮ್ಮ ಮನೆ ಬಾಗಿಲಲ್ಲೇ ಇದೆ. ಕಾಸರಗೋಡಿಗೆ ಹೋದ ದಿನ ಒಮ್ಮೆ ಹೊಕ್ಕು ಕೇಳಿ ಬನ್ನಿ.

ಈಗ ಕರಟಿದ ಅಂಚಿನ ವಿಷಯ. ಅದು ನಿಮ್ಮ ಪ್ರೀತಿಯ ಫಲ. ಹಿಂಡಿ ನೀರನ್ನು ಹತ್ತು ಪಾಲು ನೀರು ಬೆರೆಸಿ ತೆಳ್ಳಗೆ ಮಾಡಿಯೇ ಕೊಡಬೇಕು, ಅದೂ ಗಿಡ ಬೆಳೆಯುವ ಕಾಲಕ್ಕೆ. ಇಷ್ಟು ಬಿಸಿಲಿಗೆ ಗಿಡ ಬೆಳೆಯುವುದಿಲ್ಲ, ಜೀವ ಹಿಡಿದುಕೊಂಡು ಕೂತಿರುತ್ತದೆ. ತಿನ್ನದ ಗೊಬ್ಬರ ಮಣ್ಣಿನಲ್ಲಿ ಉಪ್ಪಾಗಿ ಉಳಿದು ಬೇರನ್ನು ಸುಡುತ್ತದೆ. ಒಂದು ಸಂಜೆ ಚೀಲದ ತೂತುಗಳಿಂದ ಇಳಿದು ಹೋಗುವಷ್ಟು ಬರಿ ನೀರು ಕೊಟ್ಟು ತೊಳೆದುಬಿಡಿ. ಆಮೇಲೆ ಎರಡು ಒಳ್ಳೆಯ ಮಳೆ ಬೀಳುವ ತನಕ ಹಿಂಡಿಯ ಡಬ್ಬಕ್ಕೆ ಮುಚ್ಚಳ. ಅಕ್ಕಿ ತೊಳೆದ ನೀರು ಹಾಕುತ್ತೇನೆ ಎಂದರೆ ಅಡ್ಡಿಯಿಲ್ಲ, ದನ ಇಲ್ಲದವರಿಗೆ. ದನ ಇರುವ ಮನೆಯಲ್ಲಿ ಅಕ್ಕಚ್ಚಿನ ಪಾಲು ಕೇಳಲು ಹೋದರೆ ಹಟ್ಟಿಯಿಂದಲೇ ತಕರಾರು ಬಂದೀತು.

ಕಡೆಗೆ, ಸುರಂಗದ ನೂಲು ನೀರನ್ನು ಹೀಗೂ ಉಳಿಸಬಹುದು. ಕಲ್ಲಿಕೋಟೆಯ ಜಲಸಂಪನ್ಮೂಲ ಸಂಶೋಧನಾ ಕೇಂದ್ರದವರು ರೂಪಿಸಿದ ಬತ್ತಿ ನೀರಾವರಿ ಇದೆ, ಮಲಯಾಳದಲ್ಲಿ ತಿರಿನನ ಎನ್ನುತ್ತಾರೆ. ಕೆಳಗೆ ನೀರಿನ ಪಾತ್ರೆ, ಮೇಲೆ ಚಟ್ಟಿ, ಎರಡಕ್ಕೂ ನಡುವೆ ಚಟ್ಟಿಯ ತೂತಿನಿಂದ ಇಳಿಬಿಟ್ಟ ಬತ್ತಿ. ಮಣ್ಣು ಒಣಗಿದಷ್ಟೇ ನೀರನ್ನು ಬತ್ತಿ ಏರಿಸಿಕೊಡುತ್ತದೆ, ಒಂದು ತೊಟ್ಟೂ ತಾರಸಿಗೆ ಹರಿಯುವುದಿಲ್ಲ. ಅವರದು ಗಾಜಿನ ಉಣ್ಣೆಯ ಬತ್ತಿ. ಮನೆಯಲ್ಲಿ ಹಳೆಯ ಹತ್ತಿ ಸೀರೆಯ ಅಂಚನ್ನು ಹುರಿ ಮಾಡಿದರೂ ಒಂದು ಬೇಸಗೆಗೆ ಬರುತ್ತದೆ, ಆಮೇಲೆ ಕೊಳೆಯುತ್ತದೆ. ನೀರಿನ ಪಾತ್ರೆಗೆ ಮುಚ್ಚಳ ಇರಲಿ, ಸೊಳ್ಳೆ ಸಾಕುವುದು ಬೇಡ.

ಕುಂಬಳೆಯಿಂದ ಒಬ್ಬರು: ಮಗಳ ಮನೆಗೆ ಬೆಂಗಳೂರಿಗೆ ಒಂದು ವಾರ ಹೋಗಬೇಕು. ಚಟ್ಟಿಗಳನ್ನು ಏನು ಮಾಡಲಿ?

ಹೋಗಿ ಬನ್ನಿ. ಎಲ್ಲವನ್ನೂ ಬಾವಿಕಟ್ಟೆಯ ಬಳಿ ಮರದ ನೆರಳಿಗೆ ಇಳಿಸಿ, ಒತ್ತಾಗಿ ಇಟ್ಟು, ಹೂ ಕಾಯಿ ಎಲ್ಲ ಕೊಯ್ದು, ಬಾಯಿ ತುಂಬ ತರಗೆಲೆ ಹೊದಿಸಿ. ಮೇಲೆ ಹೇಳಿದ ಬತ್ತಿಯನ್ನು ಮುಖ್ಯವಾದ ನಾಲ್ಕಾರು ಗಿಡಕ್ಕೆ ಮಾಡಿದರೆ ಸಾಕು. ನೆರೆಮನೆಯವರಿಗೆ ಹೇಳಿ ಹೋಗುವುದಾದರೆ ಎಷ್ಟು ಚೊಂಬು ಎಂದು ಸ್ಪಷ್ಟ ಹೇಳಿ. ಪರರ ಗಿಡ ಎಂದರೆ ಜನ ಭಯದಿಂದ ಜಾಸ್ತಿ ಹೊಯ್ಯುತ್ತಾರೆ.

ಉಪ್ಪಳದಿಂದ, ಫ್ಲ್ಯಾಟಿನಲ್ಲಿರುವ ಒಬ್ಬರು: ಏಪ್ರಿಲ್ ಆಗುತ್ತಲೇ ನಮ್ಮ ನೀರು ಉಪ್ಪು. ಚಟ್ಟಿಯ ಮೈ ಮೇಲೆ ಬಿಳಿ ಪೊರೆ ಬರುತ್ತದೆ, ಬೀನ್ಸ್ ಎಲ್ಲ ಸತ್ತಿತು. ಬಾಲ್ಕನಿಯಲ್ಲಿ ಏನು ಉಳಿಯುತ್ತದೆ?

ಕರಾವಳಿಯ ಅಂಚಿನ ಬಾವಿಗಳಿಗೆ ಬೇಸಗೆಯ ಕೊನೆಗೆ ಇದು ತಪ್ಪದ ಗೋಳು. ಒಳಗಿನ ಸಿಹಿನೀರು ಇಳಿದಾಗ ಸಮುದ್ರದ ನೀರು ಆ ಜಾಗಕ್ಕೆ ಸರಿಯುತ್ತದೆ. ಪಯಸ್ವಿನಿ ಹೊಳೆಗೆ ಉಬ್ಬರದ ನೀರು ಏರಿ ಕಾಸರಗೋಡು ಪೇಟೆಯ ನಲ್ಲಿಯಲ್ಲೇ ಉಪ್ಪು ಬರುತ್ತಿದ್ದ ಬೇಸಗೆಗಳನ್ನು ಆ ಕಡೆಯವರು ಮರೆತಿರಲಿಕ್ಕಿಲ್ಲ.

ಬೀನ್ಸ್ ಜಾತಿಗೆ ಉಪ್ಪು ಆಗಿಯೇ ಬರುವುದಿಲ್ಲ, ಅದನ್ನು ಮಳೆ ಬಂದ ಮೇಲೆ ನೋಡಿ. ಹರಿವೆ, ಬಸಳೆ ಸ್ವಲ್ಪ ತಡೆಯುತ್ತವೆ. ಉಪ್ಪು ನೀರನ್ನು ದಿನಾ ಗುಟುಕು ಗುಟುಕಾಗಿ ಕೊಡುವುದೇ ಹೆಚ್ಚು ಅಪಾಯ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಚಟ್ಟಿಯಲ್ಲೇ ಉಳಿಯುತ್ತದೆ. ಕೊಟ್ಟಾಗ ತಳದ ತೂತಿನಿಂದ ಸ್ವಲ್ಪ ಹೊರಗೆ ಹೋಗುವಷ್ಟು ಕೊಡಿ, ಎಲೆಯ ಮೇಲೆ ಚಿಮುಕಿಸಬೇಡಿ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ. ಬಕೆಟ್ ಇಟ್ಟು ಹಿಡಿದರೆ ನಿಮ್ಮ ಬಾಲ್ಕನಿಯ ಸಸಿಗಳಿಗೆ ಅದೇ ಈಗಿನ ಮಳೆ. ಬೇಸಗೆ ಮಳೆಯೊಂದು ಗುಡುಗಿ ಬಿದ್ದರೆ ಚಟ್ಟಿಗಳನ್ನೆಲ್ಲ ಹೊರಗಿಟ್ಟು ತೊಳೆಯಲು ಬಿಡಿ.

ಅಕ್ಕಲಕೋಟೆಯಿಂದ: ಅಕ್ಕಾರೀ, ನಮ್ ಕಡೆ ಬಿಸಲು 43ಕ್ಕ ಹೋಗೇದ. ಕುಂಡ್ಯಾಗ ಟೊಮೆಟೊ, ಮೆಣಸಿನಕಾಯಿ ಹೂ ಬಿಡ್ತಾವ, ಉದರತಾವ. ಒಂದ್ ಕಾಯಿ ನಿಲ್ಲವಲ್ದು. ಏನ್ ಗೊಬ್ಬರ ಹಾಕ್ಬೇಕ್ರಿ?

ಯಾವ ಗೊಬ್ಬರವೂ ಬೇಡರೀ. ಹಗಲು 35 ದಾಟಿ, ರಾತ್ರಿಯೂ 24–25ರ ಕೆಳಗೆ ಇಳಿಯದಿದ್ದರೆ ಟೊಮೆಟೊದ ಪರಾಗವೇ ಕೆಟ್ಟುಹೋಗುತ್ತದೆ. ಹೂ ಬರುತ್ತದೆ, ಕಾಯಿ ಕಟ್ಟುವುದಿಲ್ಲ. ನಮ್ಮ ಕಾಸರಗೋಡಿನಲ್ಲಿ ಹಗಲು 35ರ ಹತ್ತಿರವೇ ಇರುತ್ತದೆ, ನಿಮ್ಮ 43ಕ್ಕೆ ಹೋಲಿಸಿದರೆ ಏನೂ ಅಲ್ಲ. ಆದರೆ ಸಮುದ್ರದ ಬದಿಯ ರಾತ್ರಿ ತಣಿಯುವುದೇ ಇಲ್ಲ, ಹಾಗಾಗಿ ಟೊಮೆಟೊ ಇಲ್ಲೂ ನಿಲ್ಲುವುದಿಲ್ಲ. ಗಿಡ ಗಟ್ಟಿಯಾಗಿದ್ದರೆ ಮೂರನೇ ಒಂದು ಪಾಲು ಮೇಲಿನಿಂದ ಕತ್ತರಿಸಿ, ನೆರಳಿನಲ್ಲಿ ಬದುಕಿಸಿಕೊಳ್ಳಿ. ಸೊರಗಿದ್ದರೆ ಕಿತ್ತು, ಮೃಗಶಿರ ಮಳೆಗೆ ಹೊಸ ಸಸಿ ಹಚ್ಚಿ. ಮೆಣಸಿನ ಗಿಡ ಕೀಳಬೇಡಿ, ಅದು ಹೂ ಉದುರಿಸಿದರೂ ಜೀವ ಬಿಡದು. ಮಳೆ ಬಿದ್ದು ಹವೆ ತಂಪಾದಾಗ ಮತ್ತೆ ಹಿಡಿಯುತ್ತದೆ.

ನಿಮ್ಮಲ್ಲಿ ಬಿಸಿಲಿಗಿಂತ ಗಾಳಿ ಕೆಟ್ಟದ್ದು. ಒಣಗಾಳಿ ಎಲೆಯನ್ನು ಹಿಂಡುತ್ತದೆ. ಜೋಳದ ಕಣಿಕೆಯ ತಟ್ಟಿ ಕಟ್ಟಿ ಗಾಳಿ ಬರುವ ಬದಿಗೆ ನಿಲ್ಲಿಸಿ. ಮಣ್ಣಿನ ಕುಂಡ ನಿಮ್ಮ ಹವೆಗೆ ಹೇಳಿ ಮಾಡಿಸಿದ್ದು. ಅದರ ಮೈಯಿಂದ ನೀರು ಆರುತ್ತಾ ಬೇರು ತಂಪಾಗಿರುತ್ತದೆ, ನಮ್ಮ ತೇವದ ಗಾಳಿಯಲ್ಲಿ ಆ ಲಾಭ ಅಷ್ಟು ಸಿಗುವುದಿಲ್ಲ. ಅದಕ್ಕೆ ಬೆಲೆ ಎಂದರೆ ನೀರು ಜಾಸ್ತಿ ಬೇಕು. ದೊಡ್ಡ ಕುಂಡದೊಳಗೆ ಸಣ್ಣದನ್ನಿಟ್ಟು ನಡುವೆ ಮರಳು ತುಂಬಿ ಆ ಮರಳನ್ನು ಒದ್ದೆ ಇಟ್ಟರೆ ಗಿಡಕ್ಕೆ ಹಾಯೆನಿಸುತ್ತದೆ. ಇನ್ನೊಂದು, ಹೊಲದ ಎರೆಮಣ್ಣನ್ನು ಹಾಗೇ ಕುಂಡಕ್ಕೆ ತುಂಬಬೇಡಿ. ಒಣಗಿದರೆ ಬಿರುಕು ಬಿಟ್ಟು ನೀರೆಲ್ಲ ಬದಿಯಿಂದ ಇಳಿದುಹೋಗುತ್ತದೆ, ನೆನೆದರೆ ಗಾಳಿ ಆಡುವುದಿಲ್ಲ. ಅರ್ಧಕ್ಕರ್ಧ ಮರಳು, ಹಳೆಯ ತಿಪ್ಪೆಗೊಬ್ಬರ ಬೆರೆಸಿ.

ಹೊಸೂರಿನಿಂದ: ನಮ್ಮಲ್ಲಿ ಅಂಥ ಸೆಕೆ ಇಲ್ಲ. ನಿಮ್ಮ ಅಂಕಣದ ಎಚ್ಚರಿಕೆಗಳು ನಮಗೂ ಬೇಕೇ?

ಸಮುದ್ರ ಮಟ್ಟದಿಂದ ಎಂಟುನೂರು ಮೀಟರಿಗೂ ಮೇಲೆ ಕೂತವರು ನೀವು, ರಾತ್ರಿ ತಂಪು. ಟೊಮೆಟೊ ಬೆಳೆದು ತಿನ್ನಿ, ನಮಗೆ ಹೊಟ್ಟೆಕಿಚ್ಚು. ಆಲಿಕಲ್ಲು ಮಾತ್ರ ನೋಡಿಕೊಳ್ಳಿ. ಏಪ್ರಿಲ್–ಮೇ ಸಂಜೆ ಮೋಡ ಕಪ್ಪಾದರೆ ಸಸಿಗಳ ಟ್ರೇಯನ್ನು ಸೂರಿನಡಿಗೆ ಎಳೆದುಬಿಡಿ.

ಮಂಜೇಶ್ವರದಿಂದ, ತಾರಸಿಯಲ್ಲಿ ಮಲ್ಲಿಗೆ ಬೆಳೆಸುವವರು: ಫೆಬ್ರವರಿಯಿಂದ ಒಳ್ಳೆಯ ಹೂ ಇತ್ತು. ಈಗ ಕೆಲವು ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತಿವೆ. ಮಳೆಗೆ ಮೊದಲು ಗಿಡವನ್ನು ಬೋಳು ಕತ್ತರಿಸಬೇಕು ಎಂದು ಒಬ್ಬರು, ಮುಟ್ಟಲೇಬೇಡಿ ಎಂದು ಇನ್ನೊಬ್ಬರು.

ಮಲ್ಲಿಗೆಯ ಪತ್ರ ಬಂದರೆ ನನಗೆ ಖುಷಿ, ಯಾಕೆಂದರೆ ಇದು ಹೆಂಗಸರ ಕೈಗೆ ನೇರ ಹಣ ಕೊಡುವ ಚಟ್ಟಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ದಿನದಿನದ ದರ ನೋಡಿ ಕಟ್ಟುವವರಿಗೆ ಹತ್ತಿಪ್ಪತ್ತು ಮೊಗ್ಗು ಹೋದರೂ ಗೊತ್ತಾಗುತ್ತದೆ.

ನೇರಳೆಯಾಗಿ ಒಣಗುವುದು ಮೊಗ್ಗಿನೊಳಗೆ ಬೆಳೆಯುವ ಸಣ್ಣ ನೊಣದ ಮರಿಯಿಂದ. ಮೊಗ್ಗಿಗೆ ತೂತು ಇದ್ದರೆ ಅದು ಹುಳದ ಕೆಲಸ. ಎರಡಕ್ಕೂ ಮೊದಲ ಮದ್ದು ಕೈಯೇ: ಕೆಟ್ಟ ಮೊಗ್ಗುಗಳನ್ನು ಗಿಡದಿಂದಲೂ ಬುಡದಿಂದಲೂ ಹೆಕ್ಕಿ ಸುಡಿ. ಬುಡದಲ್ಲಿ ಬಿಟ್ಟರೆ ಮರಿ ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತದೆ. ಬುಡದ ಮಣ್ಣನ್ನು ಒಂದಂಗುಲ ಕೆದಕಿ ಬೇವಿನ ಹಿಂಡಿ ಹುಡಿ ಉದುರಿಸಿ.

ಕತ್ತರಿಸುವ ವಿಷಯದಲ್ಲಿ ಇಬ್ಬರ ಮಾತನ್ನೂ ಬಿಡಿ. ಈ ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಗೆ. ಆದ್ದರಿಂದ ಹೂ ಬಿಟ್ಟು ಮುಗಿದ ತುದಿಗಳನ್ನು ಎರಡು ಗೆಣ್ಣು ಚಿವುಟಿದರೆ ಮತ್ತೆ ಮೊಗ್ಗು ಕಟ್ಟುತ್ತದೆ. ಆದರೆ ಮೇ ಕೊನೆಗೆ ಬೋಳು ಮಾಡಿದರೆ ಬರುವ ಎಳೆ ಚಿಗುರಿಗೆ ಜೂನ್–ಜುಲೈಯಲ್ಲಿ ಬಿಸಿಲೇ ಇಲ್ಲ, ಬರೀ ನೀರು. ಕೊಳೆಯುವುದಕ್ಕೆ ಅಷ್ಟು ಸಾಕು. ಒಣಗಿದ್ದು, ಒಳಗೆ ಒತ್ತಾಗಿ ಬೆಳೆದದ್ದು, ನೆಲಕ್ಕೆ ತಾಗುವ ಗೆಲ್ಲು, ಇಷ್ಟನ್ನು ತೆಗೆದು ಗಾಳಿ ಆಡುವಂತೆ ಮಾಡಿ. ಮಳೆ ಹಿಡಿಯುವ ಮೊದಲೊಮ್ಮೆ ಒಂದು ಶೇಕಡಾದ ಬೋರ್ಡೋ ದ್ರಾವಣ ಸಿಂಪಡಿಸಿದರೆ ಎಲೆಚುಕ್ಕೆ ಕಡಿಮೆ. ಹತ್ತು ಲೀಟರಿಗೆ ಮೈಲುತುತ್ತು 100 ಗ್ರಾಂ, ಸುಣ್ಣ 100 ಗ್ರಾಂ, ಎರಡನ್ನೂ ಬೇರೆ ಬೇರೆ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಹೊಳೆಯುವ ಕಬ್ಬಿಣದ ಕತ್ತಿ ಅದ್ದಿ ನೋಡಿ, ಕೆಂಪು ಕಲೆ ಕೂತರೆ ಸುಣ್ಣ ಇನ್ನೂ ಬೇಕು. ಅಡಕೆಗೆ ಮದ್ದು ಬಿಡುವ ಮನೆಯವರಿಗೆ ಇದೆಲ್ಲ ಹೇಳಬೇಕಾಗಿಲ್ಲ. ಮಾಡಿದ ದಿನವೇ ಮುಗಿಸಿ. ಪಕ್ಕದಲ್ಲಿ ಬಸಳೆ, ಹರಿವೆ ಇದ್ದರೆ ಮೊದಲು ಅವನ್ನು ಸರಿಸಿ.

ಮುಳ್ಳೇರಿಯದಿಂದ, ನಿವೃತ್ತ ಅಧ್ಯಾಪಕರು: ಮೆಣಸಿನ ಗಿಡದ ಎಲೆ ಮುದುಡಿ ದೋಣಿಯಂತಾಗಿದೆ. ಅಂಗಡಿಯಲ್ಲಿ ಒಂದು ಬಾಟಲಿ ಕೊಟ್ಟರು, ಮೂರು ಹನಿ ಸಾಕಂತೆ. ಹಾಕಬಹುದೇ?

ಮಾಸ್ತರೇ, ಬಾಟಲಿಯನ್ನು ಮೇಲಿನ ಅಟ್ಟಕ್ಕೂ ಏರಿಸಬೇಡಿ, ಅಂಗಡಿಗೇ ಹಿಂದೆ ಕೊಡಿ. ನಾಳೆ ಬೆಳಗ್ಗೆ ಚಟ್ನಿಗೆ ಕೊಯ್ಯುವ ಮೆಣಸು ಅದು. ಗೇರು ತೋಟದ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲೆಂದು ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆಯವರು ನಾವು. 2000ದಲ್ಲಿ ಅದು ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿತು. ಆ ವಿಷ ಬಿದ್ದ ಎಣ್ಮಕಜೆಯ ಮನೆಗಳಲ್ಲಿ ಅದರ ನೋವಿನ ಲೆಕ್ಕ ಇನ್ನೂ ಮುಗಿದಿಲ್ಲ. ಅಂಗಳದ ನಾಲ್ಕು ಚಟ್ಟಿಗೆ ವಿಷ ತರುವ ಮೊದಲು ನಮಗೆ ಬೇರೆ ಊರಿನವರಿಗಿಂತ ಹೆಚ್ಚು ಯೋಚನೆ ಇರಬೇಕು.

ಎಲೆಯ ಅಂಚು ಮೇಲಕ್ಕೆ ಸುರುಟಿದ್ದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಮಡಚಿ ಎಲೆ ಉದ್ದವಾಗಿ ಕಿರಿದಾಗಿದ್ದರೆ ಮೈಟ್ ನುಸಿ. ನಿಮ್ಮ ದೋಣಿ ಮೊದಲನೆಯದು. ಒಣ ಬೇಸಗೆಯಲ್ಲೇ ಇವು ಹೆಚ್ಚುವುದು, ಎರಡು ಜಡಿಮಳೆಗೆ ಅರ್ಧ ತೊಳೆದು ಹೋಗುತ್ತವೆ. ಅಲ್ಲಿಯ ತನಕ ಮುದುಡಿದ ತುದಿಗಳನ್ನು ಚಿವುಟಿ ತೆಗೆಯಿರಿ. ದಿನಾ ಬೆಳಗ್ಗೆ ಎಲೆಯ ಅಡಿಮೈಗೆ ಜೋರಾಗಿ ನೀರು ಹಾರಿಸಿ. ವಾರಕ್ಕೊಮ್ಮೆ ಸಂಜೆ ಬೇವಿನೆಣ್ಣೆ ಬೆಳ್ಳುಳ್ಳಿ ಮಿಶ್ರಣ: ಒಂದು ಲೀಟರ್ ನೀರಿಗೆ 20 ಮಿಲಿ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿ ಅರೆದ ರಸ, 5 ಗ್ರಾಂ ಬಾರ್ ಸೋಪು. ಸೋಪನ್ನು ಬಿಸಿನೀರಿನಲ್ಲಿ ಕರಗಿಸಿ ಎಣ್ಣೆಯೊಂದಿಗೆ ಚೆನ್ನಾಗಿ ಕಡೆದ ಮೇಲೆಯೇ ಉಳಿದ ನೀರು, ಇಲ್ಲದಿದ್ದರೆ ಎಣ್ಣೆ ತೇಲಿ ಎಲೆಗೆ ಕಲೆ ಬೀಳುತ್ತದೆ. ಬಿಸಿಲಿರುವಾಗ ಹೊಡೆದರೆ ಎಲೆಯೇ ಸುಟ್ಟೀತು. ಅದೇ ಕಾರಣಕ್ಕೆ ಗಂಧಕದ ಹುಡಿಯೂ ಈಗ ಬೇಡ. ತೆಳುವಾದ ಗಂಜಿ ತೆಳಿಯನ್ನು ಎಲೆಗೆ ಬಳಿಯುವ ಹಳೆಯ ಕ್ರಮವೂ ಪರವಾಗಿಲ್ಲ, ಒಣಗಿ ಪೊರೆ ಎದ್ದಾಗ ನುಸಿಯೂ ಅದರೊಂದಿಗೆ ಏಳುತ್ತದೆ. ನಮ್ಮ ಗಾಂಧಾರಿ ಮೆಣಸಿಗೆ ಇದೆಲ್ಲ ಅಷ್ಟಾಗಿ ತಾಗುವುದಿಲ್ಲ ಎಂಬುದನ್ನೂ ನೆನಪಿಡಿ. ಒಂದು ಗಿಡ ಮೂಲೆಯಲ್ಲಿರಲಿ.

ಬದಿಯಡ್ಕದಿಂದ: ನಿನ್ನೆ ಚೆನ್ನಾಗಿದ್ದ ಬದನೆ ಇವತ್ತು ಹಸುರಾಗಿಯೇ ಬಾಡಿ ಸತ್ತಿದೆ. ಎಲೆ ಹಳದಿಯೂ ಆಗಿಲ್ಲ. ಯಾರ ಕಣ್ಣು ಬಿತ್ತೋ!

ಕಣ್ಣಲ್ಲ, ಮಣ್ಣು. ಗಿಡದ ಬುಡದಿಂದ ಒಂದು ಗೇಣು ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ನಿಲ್ಲಿಸಿ. ಸ್ವಲ್ಪ ಹೊತ್ತಿನಲ್ಲಿ ತುದಿಯಿಂದ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ನಮ್ಮ ಹುಳಿ ಮಣ್ಣು, ಸೆಕೆ, ತೇವ ಮೂರೂ ಸೇರಿದಲ್ಲಿ ಇದರ ಸಂಭ್ರಮ. ಸತ್ತ ಗಿಡಕ್ಕೆ ಮದ್ದಿಲ್ಲ. ಬೇರು ಸಹಿತ ಕಿತ್ತು ಸುಡಿ, ಆ ಚೀಲದ ಮಣ್ಣನ್ನು ಬದನೆ, ಟೊಮೆಟೊ, ಮೆಣಸಿಗೆ ಮತ್ತೆ ಬಳಸಬೇಡಿ. ಅಲಸಂಡೆಗೋ ಹರಿವೆಗೋ ಆದೀತು. ಕತ್ತರಿಸಿದ ಕತ್ತಿಯನ್ನು ತೊಳೆಯದೆ ಇನ್ನೊಂದು ಗಿಡಕ್ಕೆ ಒಯ್ಯಬೇಡಿ.

ಮುಂದಿನ ಸಲ ರೋಗ ತಡೆಯುವ ತಳಿ ತನ್ನಿ. ಕೇರಳ ಕೃಷಿ ವಿಶ್ವವಿದ್ಯಾಲಯದ ಬದನೆಯಲ್ಲಿ ಸೂರ್ಯ, ಶ್ವೇತ, ಹರಿತ. ಟೊಮೆಟೊದಲ್ಲಿ ಶಕ್ತಿ, ಮುಕ್ತಿ, ಅನಘ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಕೂಡ ತಡೆಯುತ್ತದೆ. ಪಂಚಾಯತಿನ ಕೃಷಿಭವನದಲ್ಲಿ ಈ ಹೆಸರುಗಳನ್ನೇ ಹೇಳಿ ಕೇಳಿ. ಪ್ಯಾಕೆಟಿನ ಮೇಲೆ ಮಲಯಾಳ ಮಾತ್ರ ಇದ್ದರೆ ಹಿಂಜರಿಯಬೇಡಿ, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಓದಿ ಹೇಳುತ್ತಾರೆ. ಕೈ ಚಳಕ ಇದ್ದರೆ ಗುಡ್ಡೆಯ ಕುದನೆ ಎಂಬ ಕಾಡು ಬದನೆಯ ಗಿಡಕ್ಕೆ ಬದನೆಯನ್ನು ಕಸಿ ಕಟ್ಟಿ. ಬೇರು ಕುದನೆಯದಾದರೆ ಸೊರಗು ರೋಗ ಹತ್ತಿರ ಸುಳಿಯದು, ಗಿಡವೂ ವರ್ಷಗಟ್ಟಲೆ ಕಾಯಿ ಕೊಡುತ್ತದೆ.

ಬಾಯಾರಿನಿಂದ: ಎನ್ನ ಬಸಳೆಯ ಎಲೆ ಎಲ್ಲ ಸಣ್ಣ ಆವ್ತಾ ಇದ್ದು ಅಕ್ಕಾ, ಎಂತ ಮಾಡೆಕ್ಕು?

ಹೂ ಬಿಡಲು ಹೊರಟಿದೆ. ತುದಿಗಳನ್ನು ಮೊಳದುದ್ದ ಕೊಯ್ದು ಸಾಂಬಾರಿಗೆ ಹಾಕಿ, ದಂಟು ದಪ್ಪ ಇರುವ ನಾಲ್ಕು ತುಂಡು ಹೊಸ ಗೋಣಿಗೆ ಊರಿ. ಬಸಳೆಗೆ ಮಾತ್ರ ನೀರಿನಲ್ಲಿ ಜಿಪುಣತನ ಬೇಡ. ಮೀನು ತೊಳೆದ ನೀರು ಅದಕ್ಕೆ ಬಲು ಇಷ್ಟ. ನಮ್ಮ ಮನೆಯಲ್ಲಿ ಮೀನಿಲ್ಲ, ನೆರೆಮನೆಯ ಉಮ್ಮ ಬೇಲಿಯ ಆಚೆಯಿಂದ ಬಕೆಟ್ ದಾಟಿಸುತ್ತಾರೆ, ಬಸಳೆ ಅರ್ಧ ಅವರಿಗೆ. ಉಪ್ಪು ಹಚ್ಚುವ ಮೊದಲಿನ ನೀರಾಗಿರಬೇಕು ಎಂಬುದೊಂದೇ ಶರತ್ತು.

ನೆಲ್ಲಿಕಟ್ಟೆಯಿಂದ: ಮಳೆಗೆ ಮುನ್ನ ಚಟ್ಟಿಗಳಿಗೆ ಏನಾದರೂ ಮಾಡಲಿಕ್ಕಿದೆಯೇ? ಬೀಜ ಯಾವಾಗ ಹಾಕಲಿ?

ಈ ಪ್ರಶ್ನೆ ಇನ್ನೂ ಹತ್ತು ಜನ ಕೇಳಬೇಕಿತ್ತು. ನಮ್ಮ ಕಡೆ ಬೇಸಗೆಯ ಚಟ್ಟಿಗಳು ಹೆಚ್ಚಾಗಿ ಸಾಯುವುದು ಮೇಯಲ್ಲಿ ಅಲ್ಲ, ಜೂನಿನ ಎರಡನೇ ವಾರದಲ್ಲಿ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. ಒಮ್ಮೆ ಹಿಡಿದರೆ ಬಿಡುವುದಿಲ್ಲ. ತೂತು ಮುಚ್ಚಿಹೋದ ಚಟ್ಟಿಯಲ್ಲಿ ನೀರು ನಿಂತು, ಬೇಸಗೆಯಿಡೀ ನೀವು ಉಳಿಸಿದ ಬೇರು ಒಂದು ವಾರದಲ್ಲಿ ಕೊಳೆಯುತ್ತದೆ. ಈಗಲೇ ಒಂದೊಂದು ಚಟ್ಟಿಯನ್ನು ಓರೆ ಮಾಡಿ ತಳದ ತೂತಿಗೆ ಕಡ್ಡಿ ಹಾಕಿ ಬಿಡಿಸಿ. ಗ್ರೋಬ್ಯಾಗಿಗೆ ಬದಿಯಲ್ಲಿ, ತಳದಿಂದ ಎರಡು ಬೆರಳು ಮೇಲೆ ಇನ್ನೆರಡು ತೂತು. ಬೇಸಗೆಗೆ ಹಾಕಿದ ತರಗೆಲೆಯನ್ನು ಮಳೆ ಹಿಡಿದ ಮೇಲೆ ಕಾಂಡದಿಂದ ನಾಲ್ಕು ಬೆರಳು ದೂರ ಸರಿಸಿ, ಇಲ್ಲವಾದರೆ ಬಸವನ ಹುಳುವಿಗೆ ಮನೆ ಕಟ್ಟಿಕೊಟ್ಟ ಹಾಗೆ.

ಮಣ್ಣು ಹುಳಿಯಾದ ನಮ್ಮ ಊರಿನಲ್ಲಿ ಸುಣ್ಣ ತಪ್ಪಿಸಬಾರದು. ಖಾಲಿ ಚೀಲದ ಮಣ್ಣನ್ನು ಸುರಿದು, ಚೀಲಕ್ಕೆ ಸುಮಾರು 50 ಗ್ರಾಂ ಚಿಪ್ಪಿನ ಸುಣ್ಣ ಬೆರೆಸಿ, ಸ್ವಲ್ಪ ತೇವ ಮಾಡಿ ಎರಡು ವಾರ ಬಿಡಿ. ಆಮೇಲೆ ಸೆಗಣಿ ಗೊಬ್ಬರ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ವಾಸನೆಯಾಗಿ ಹಾರಿಹೋಗುತ್ತದೆ. ಇವತ್ತು ಸುಣ್ಣ ಬೆರೆಸಿದರೆ ಪತ್ತನಾಜೆಗೆ ಮಣ್ಣು ಸಿದ್ಧ. ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆಯ ಬೀಜ ಆಗ ಹಾಕಿ, ಜಡಿಮಳೆ ಹಿಡಿಯುವ ಹೊತ್ತಿಗೆ ಸಸಿ ನಾಲ್ಕೆಲೆಯಾಗಿ ಗಟ್ಟಿಯಾಗಿರಬೇಕು. ಹರಿವೆಗೆ ಮಾತ್ರ ಕಾಯಬೇಡಿ. ಇವತ್ತೇ ನೆರಳಿನ ಚಟ್ಟಿಗೆ ಮರಳು ಬೆರೆಸಿ ಚೆಲ್ಲಿ. ತಿಂಗಳೊಳಗೆ, ಮಳೆಗೆ ಮೊದಲೇ ಒಂದು ಕೊಯ್ಲು ಸಿಗುತ್ತದೆ. ಮಳೆ ಹಿಡಿದ ಮೇಲೆ ಕೆಂಪು ಹರಿವೆಗೆ ಎಲೆಯೆಲ್ಲ ಬಿಳಿ ಕಲೆ. ಆ ಮೂರು ತಿಂಗಳಿಗೆ ಹಸಿರು ಹರಿವೆಯ ಬೀಜವನ್ನೂ ಈಗಲೇ ತಂದಿಡಿ, ಬೀಜದೊಂದಿಗೆ ಸ್ವಲ್ಪ ಅಕ್ಕಿ ತರಿ ಬೆರೆಸಿ ಚೆಲ್ಲಿದರೆ ಇರುವೆ ಮೊದಲು ತರಿಯನ್ನು ಹೊತ್ತುಕೊಂಡು ಹೋಗುತ್ತದೆ.